ಬೀಗ ಹಾಕಿದ ಶೌಚಾಲಯವೂ ನಮ್ಮ ದೊಡ್ಡಮ್ಮನೂ

ತನ್ನೂರಿನ ಪಟ್ಟಣ ಪಂಚಾಯಿತಿ ಮೆಂಬರುಗಳ ಮನೆಯ ಪಾಯಿಖಾನೆಗಳ ಬಗ್ಗೆ ನಮ್ಮ ದೊಡ್ಡಮ್ಮನಿಗೆ ಗೊತ್ತಿರುವಷ್ಟು ಆ ಮೆಂಬರುಗಳಿಗೂ ಗೊತ್ತಿರಲಿಕ್ಕಿಲ್ಲ! ಯಾರ ಮನೆಯದರ ಚಿಲಕ ಸಡಿಲ, ಯಾರ ಮನೆಯ ಬಕೆಟ್ಟು ತೂತು, ಯಾರು ದೇವರಕೋಣೆಗಿಂತ ಒಳ್ಳೆಯ ಟೈಲ್ಸನ್ನು ಅಲ್ಲಿ ಹಾಕಿಸಿದ್ದಾರೆ, ಎಲ್ಲ ಅವಳ ನಾಲಗೆಯ ತುದಿಯಲ್ಲಿದೆ. ಬಳೆ ಅಂಗಡಿ ಇಟ್ಟುಕೊಂಡವಳಿಗೆ ಈ ಉಸಾಬರಿ ಯಾಕೆ ಬೇಕಿತ್ತು ಅನ್ನುತ್ತೀರಾ? ಹೇಳುತ್ತೇನೆ. ಆದರೆ ಈ ವಿಷಯ ಎತ್ತಿದರೆ ನನಗೆ ನಗುವಿಗಿಂತ ಮೊದಲು ಸಿಟ್ಟು ಬರುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

ಊರಿನ ಹೆಸರು ಹೇಳುವುದಿಲ್ಲ. ಚನ್ನಗಿರಿ ಕಡೆಯದು ಅಂದುಕೊಳ್ಳಿ, ಜಗಳೂರು ಕಡೆಯದು ಅಂದುಕೊಳ್ಳಿ, ನಿಮ್ಮಿಷ್ಟ. ಹೇಳಿದೆನೋ, ನಾಳೆಯಿಂದ ದೊಡ್ಡಮ್ಮನ ಬೀದಿಗೆ ನಲ್ಲಿ ನೀರು ಬಂದ್! ಅಲ್ಲಿನ ಹೈಸ್ಕೂಲಿನಲ್ಲಿ ನಾನು ಟೀಚರು, ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ದೊಡ್ಡಮ್ಮನೆಂದರೆ ನಮ್ಮಮ್ಮನ ಅಕ್ಕ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಅವಳ ಬಳೆ ಅಂಗಡಿ. ಅಂಗಡಿಗೆ ಸರಿಯಾಗಿ ಎದುರಿಗೆ, ಗುಲಾಬಿ ಬಣ್ಣ ಬಳಿದುಕೊಂಡು ನಿಂತಿದೆ ಪಂಚಾಯಿತಿಯವರು ಕಟ್ಟಿಸಿದ ಮಹಿಳೆಯರ ಶೌಚಾಲಯ.

ಅದರ ಉದ್ಘಾಟನೆಯನ್ನು ನೀವು ನೋಡಬೇಕಿತ್ತು! ಶಾಮಿಯಾನ, ಪಟಾಕಿ, ಎಲ್ಲರಿಗೂ ಮೈಸೂರುಪಾಕು. ಮಹಿಳೆಯರ ಕಷ್ಟದ ಬಗ್ಗೆ ಭಾಷಣ ಬಿಗಿದವರೆಲ್ಲ ಗಂಡಸರು. ಟೇಪು ಕತ್ತರಿಸಿದರು, ಫೋಟೊ ತೆಗೆಸಿಕೊಂಡರು, ಬೀಗ ಜಡಿದು ಹೋದರು. ಅಷ್ಟೇ! ಆಮೇಲೆ ಆ ಬೀಗಕ್ಕೆ ತುಕ್ಕು ಹಿಡಿಯಿತೇ ಹೊರತು ಕೀಲಿ ಬಿದ್ದದ್ದನ್ನು ಯಾರೂ ಕಾಣಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಗಂಡಸರಿಗೇನು ಬಿಡಿ, ಊರಿನ ಗೋಡೆಗಳೆಲ್ಲ ಅವರವೇ. ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಬರೆದ ಗೋಡೆಗೇ ಮೊದಲ ಮರ್ಯಾದೆ! ಹಳ್ಳಿಯಿಂದ ಸಂತೆಗೆ, ಆಸ್ಪತ್ರೆಗೆ ಬಂದ ಹೆಣ್ಣುಮಕ್ಕಳು ಮಾತ್ರ ಬಸ್ಸು ಬರುವ ತನಕ ತುಟಿ ಕಚ್ಚಿಕೊಂಡು ಕಾಲು ಬದಲಿಸುತ್ತ ನಿಲ್ಲಬೇಕು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ದೊಡ್ಡಮ್ಮ ಒಂದು ದಿನ ಸೀದಾ ಪಂಚಾಯಿತಿ ಆಫೀಸಿಗೆ ಹೋಗಿ ಮುಖ್ಯಾಧಿಕಾರಿಯ ಮುಂದೆ ನಿಂತಳು.

“ಸಾಹೇಬ್ರೇ, ಆ ಬೀಗ ಯಾವಾಗ ತೆಗೀತೀರಿ?”

“ನಿರ್ವಹಣೆ ಟೆಂಡರ್ ಆಗಬೇಕಮ್ಮ.”

“ಅದು ಯಾವಾಗ ಆಗ್ತೈತ್ರೀ?”

“ಸಭೇಲಿ ವಿಷಯ ಇಡಬೇಕು.”

“ಮತ್ತೆ ಕೀಲಿ ಯಾರತ್ರ ಐತ್ರೀ?”

“ಕಂಟ್ರಾಕ್ಟರ್ ಹತ್ರ ಇರಬೇಕು, ಇಲ್ಲಾ ಇಂಜಿನಿಯರ್ ಹತ್ರ. ಸ್ವಲ್ಪ ದಿನ ತಡಕೊಳ್ರಿ.”

ತಡಕೊಳ್ರಿ! ಯಾವ ವಿಷಯಕ್ಕೆ ಯಾವ ಮಾತು ಆಡುತ್ತಿದ್ದೇನೆ ಅನ್ನುವುದಾದರೂ ಆ ಪುಣ್ಯಾತ್ಮನಿಗೆ ಗೊತ್ತಿತ್ತೋ ಇಲ್ಲವೋ! ದೊಡ್ಡಮ್ಮ ಮರುಮಾತಾಡದೆ ವಾಪಸು ಬಂದಳು. ಅವಳು ಮರುಮಾತಾಡಲಿಲ್ಲ ಅಂದರೆ ಯಾರಿಗೋ ಗ್ರಹಚಾರ ಕಾದಿದೆ ಅಂತಲೇ ಅರ್ಥ.

ಗ್ರಹಚಾರ ಒದಗಿದ್ದು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಮೆಂಬರಿಗೆ. ಗೋವಿನಕೋವಿ ಎಂಬ ಹಳ್ಳಿಯಿಂದ ಬಂದಿದ್ದ ತುಂಬು ಬಸುರಿಯೊಬ್ಬಳು ಹಸಿರು ಬಳೆ ತೊಡಿಸಿಕೊಳ್ಳಲು ಅಂಗಡಿಯಲ್ಲಿ ಕೂತಿದ್ದಳು. ಕೈ ಹಿಡಿದ ಕೂಡಲೇ ದೊಡ್ಡಮ್ಮನಿಗೆ ತಿಳಿಯಿತು, ಹುಡುಗಿ ಕೂತಲ್ಲಿ ಕೂರುತ್ತಿಲ್ಲ, ಕಣ್ಣಂಚಿನಲ್ಲಿ ನೀರು. “ಯಾಕವ್ವಾ, ಒಂದಕ್ಕೆ ಹೋಗ್ಬೇಕಾ?” ಅಂದಳು. ಹುಡುಗಿ ತಲೆ ತಗ್ಗಿಸಿತು. ದೊಡ್ಡಮ್ಮ ಅಂಗಡಿಯ ಬಾಗಿಲೆಳೆದು, ಅವಳ ಕೈ ಹಿಡಿದುಕೊಂಡು ಹೋಗಿ ಮೆಂಬರ ಮನೆಯ ಗೇಟು ಬಡಿದಳು. ಮೆಂಬರು ರೊಟ್ಟಿ ಮುರಿಯುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ಬಂದರು.

“ಏನಮ್ಮಾ?”

“ಈಕೆಗೆ ಒಂದಕ್ಕೆ ಅರ್ಜೆಂಟೈತೆ. ನಿಮ್ ಮನೇಲಿ ಹೋಗ್ಲಿ.”

“ನಮ್ಮನೇಲಾ? ಯಾಕ್ರೀ?”

“ಮತ್ತೆಲ್ಲಿ ಹೋಗಾಕೆ? ನೀವು ಟೇಪು ಕತ್ತರಿಸಿದ್ದಕ್ಕೆ ಬೀಗ ಐತೆ. ನಿಮ್ ಮನೇದಕ್ಕೆ ಇಲ್ವಲ್ಲ!”

ಬಸುರಿಯನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಮೆಂಬರು ಪಕ್ಕಕ್ಕೆ ಸರಿದರು.

ದೊಡ್ಡಮ್ಮನಿಗೆ ಅಷ್ಟು ಸಾಕಾಯಿತು! ಅವತ್ತಿನಿಂದ ಬಸ್ ಸ್ಟ್ಯಾಂಡಿನಲ್ಲಿ ಕಾಲು ಬದಲಿಸುತ್ತ ನಿಂತ ಹೆಂಗಸರನ್ನೆಲ್ಲ ಕರೆದು ಕರೆದು ಮೆಂಬರುಗಳ ಮನೆಗೆ ಕಳಿಸತೊಡಗಿದಳು. ‘ಬಳೆ ಅಂಗಡಿಯಮ್ಮ ಕಳಿಸ್ಯಾರೆ’ ಅಂದರೆ ಸಾಕು. ಅವಳಲ್ಲಿ ಪಕ್ಷಭೇದ ಇರಲಿಲ್ಲ ನೋಡಿ, ಇವತ್ತು ಆಡಳಿತ ಪಕ್ಷದವರ ಮನೆಗೆ ಕಳಿಸಿದರೆ ನಾಳೆ ವಿರೋಧ ಪಕ್ಷದವರ ಮನೆಗೆ. ಅಷ್ಟು ಸಮಪಾಲು ಬೀದಿದೀಪ ಹಾಕಿಸುವಾಗಲೂ ಆ ಊರು ಕಂಡಿರಲಿಲ್ಲ. ಹೋದವರು ಬಂದು ಅಂಗಡಿಯಲ್ಲಿ ಕೂತು ವರದಿ ಒಪ್ಪಿಸುತ್ತಿದ್ದರು. ಅವಳ ಜ್ಞಾನಭಂಡಾರ ತುಂಬಿದ್ದು ಹೀಗೆ.

ನನ್ನನ್ನಾದರೂ ಬಿಟ್ಟಳೇ? ಒಂದು ಸಂಜೆ ಬಸ್ಸು ಕೆಟ್ಟು ಎಲ್ಲೋ ನಿಂತಿತ್ತು. ನನ್ನ ಮುಖ ನೋಡಿದ ದೊಡ್ಡಮ್ಮ ಬೇಡವೆಂದರೂ ಕೇಳದೆ ಅದೇ ಮೆಂಬರ ಮನೆಗೆ ಅಟ್ಟಿದಳು. ಬಾಗಿಲು ತೆಗೆದದ್ದು ಯಾರು? ನನ್ನ ಕ್ಲಾಸಿನ ಹುಡುಗಿ! “ಅಪ್ಪಾ, ಮಿಸ್ಸು ಬಂದಾರೆ!” ಎಂದು ಕಿರುಚಿತು. ಮನೆಮಂದಿಯೆಲ್ಲ ಹಾಲ್‌ಗೆ ಬಂದರು. ಕುರ್ಚಿ ಹಾಕಿದರು, ಫ್ಯಾನು ತಿರುಗಿಸಿದರು. “ನಮ್ ಹುಡುಗಿ ಲೆಕ್ಕದಾಗೆ ಹೆಂಗದಾಳ್ರೀ?” ಎಂದು ಅಪ್ಪ ಕೇಳಿದರೆ, ಅಮ್ಮ ದೊಡ್ಡ ಲೋಟದ ತುಂಬ ಚಾ ತಂದಿಟ್ಟರು. ಕುಡಿಯದಿದ್ದರೆ ಬಿಡುತ್ತಾರೆಯೇ? ಕುಡಿದೆ! ಬಂದ ಕಾರಣ ಹೇಳಲು ಬಾಯಿ ಬರುತ್ತಿಲ್ಲ, ಏಳಲು ಧೈರ್ಯವಿಲ್ಲ. ಕೊನೆಗೆ ಗೇಟಿನ ಹೊರಗಿನಿಂದ ಇಡೀ ಬೀದಿಗೆ ಕೇಳುವಂತೆ ದೊಡ್ಡಮ್ಮನ ದನಿ ಬಂತು: “ಆಯ್ತೇನೇ? ಬಸ್ ಬಂತು!” ಮಾರನೇ ದಿನ ಕ್ಲಾಸಿನಲ್ಲಿ ಆ ಹುಡುಗಿಯ ಕಡೆ ನಾನು ತಲೆ ಎತ್ತಿ ನೋಡಲಿಲ್ಲ.

ಇಷ್ಟಾದ ಮೇಲೆ ಮಾನ ಇದ್ದವರು ಏನು ಮಾಡುತ್ತಾರೆ? ಬೀಗ ತೆಗೆಸುತ್ತಾರೆ. ನಮ್ಮ ಮೆಂಬರು ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಬೋರ್ಡು ಹಾಕಿಸಿದರು! ಆ ಮನೆಯಲ್ಲಿ ನಾಯಿಯೇ ಇರಲಿಲ್ಲ. ದೊಡ್ಡಮ್ಮ ಬೋರ್ಡಿನ ಮುಂದೆ ನಿಂತು ನಿಧಾನವಾಗಿ ಓದಿ, “ಸುಳ್ಳೇನಲ್ಲ ಬಿಡು, ಸರಿಯಾಗೇ ಬರ್ಸ್ಯಾರೆ” ಅಂದಳು.

ಪಂಚಾಯಿತಿಯ ಸಭೆಯೂ ಸಂತೆಯೂ ಒಂದೇ ದಿನ ಬಿದ್ದವು ನೋಡಿ, ದೊಡ್ಡಮ್ಮ ಸಂತೆಗೆ ಬಂದ ಹೆಂಗಸರನ್ನೆಲ್ಲ ಕಟ್ಟಿಕೊಂಡು ಆಫೀಸಿಗೇ ನುಗ್ಗಿದಳು. ಮುಖ್ಯಾಧಿಕಾರಿಯ ಕೋಣೆಗೆ ಅಂಟಿಕೊಂಡು ಒಂದು ಬಾತ್‌ರೂಮಿದೆ. ಅದರ ಬಾಗಿಲಿನಿಂದ ಶುರುವಾದ ಸಾಲು ಸಭಾಂಗಣ ದಾಟಿ ಮೆಟ್ಟಿಲ ತನಕ ಬೆಳೆಯಿತು. ಕೈಯಲ್ಲಿ ಮೆಣಸಿನಕಾಯಿ ಚೀಲ, ಕಂಕುಳಲ್ಲಿ ಕೂಸು. ಮೆಂಬರುಗಳೆಲ್ಲ ಫ್ಯಾನು ನೋಡುತ್ತ ಕೂತಿದ್ದರು.

“ಇದು ಆಫೀಸಮ್ಮಾ!” ಎಂದು ಸಾಹೇಬರು ಕೂಗಿದರು.

“ಹೌದ್ರೀ, ನಮ್ ಕಂದಾಯದಾಗೆ ಕಟ್ಟಿದ್ ಆಫೀಸು. ಟೆಂಡರ್ ಆಗೋ ತನಕ ಇಲ್ಲೇ ಬರ್ತೀವಿ. ನಿಮ್ದರಾಗೆ ನೀರೂ ಬರ್ತೈತಂತಲ್ಲ!”

ಆಗ ಸಿಕ್ಕಿತು ಕೀಲಿ! ಕಂಟ್ರಾಕ್ಟರ್ ಹತ್ತಿರವೂ ಅಲ್ಲ, ಇಂಜಿನಿಯರ್ ಹತ್ತಿರವೂ ಅಲ್ಲ, ಪಕ್ಕದ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಬೀಗ ತೆಗೆದು ನೋಡಿದರೆ ಒಳಗೆ ಬ್ಲೀಚಿಂಗ್ ಪೌಡರ್ ಮೂಟೆ, ಮುರಿದ ಕುರ್ಚಿಗಳು, ಮೆಂಬರುಗಳು ಕೈಮುಗಿದು ನಿಂತ ಹಳೆಯ ಫ್ಲೆಕ್ಸುಗಳು. ಅಂಗಡಿಗಳೆಲ್ಲ ಮುಚ್ಚಿದ ಮೇಲೆ ರಾತ್ರಿ ಬಂದು ತುಂಬಿಸಿ, ಹೆಂಗಸರ ಶೌಚಾಲಯವನ್ನು ಇವರು ಗೋಡೌನು ಮಾಡಿಕೊಂಡಿದ್ದರು! ಇಷ್ಟು ದಿನ ಹೇಳಿದ ಟೆಂಡರಿನ ಕಥೆಯೆಲ್ಲ ನಮ್ಮ ಕಿವಿಗೆ ಇಟ್ಟ ಹೂವು. ಮೂಟೆ ಹೊತ್ತು ಹಾಕಿ ತಿಕ್ಕಿ ತೊಳೆದವರೂ ಪೌರಕಾರ್ಮಿಕ ಹೆಂಗಸರೇ. ಗಂಡಸರು ನಿಂತು ಫೋಟೊ ತೆಗೆಸಿಕೊಂಡರು, ಮತ್ತೆ!

ಎರಡು ದಿನ ಬಿಟ್ಟು ಶಾಲೆ ಮುಗಿಸಿ ಅಂಗಡಿಗೆ ಹೋದೆ. ಅವಳಿಗೆ ಪಂಚಾಯಿತಿಯವರೇ ಶಾಲು ಹೊದೆಸಿ ಸನ್ಮಾನ ಮಾಡುತ್ತಾರಂತೆ ಅನ್ನುವ ಸುದ್ದಿ ನನ್ನ ಬಾಯಲ್ಲಿತ್ತು. ದೊಡ್ಡಮ್ಮ ಪಕ್ಕದ ಹೋಟೆಲಿನಿಂದ ಒಂದು ಚೊಂಬು ನೀರು ತರಿಸಿಕೊಂಡು, ಕತ್ತು ಎತ್ತಿ, ಉಸಿರು ಬಿಡದೆ ಗಟಗಟ ಕುಡಿಯುತ್ತಿದ್ದಳು. ಸೆರಗೆಲ್ಲ ಒದ್ದೆ.

“ಏನ್ ದೊಡ್ಡಮ್ಮಾ, ಇಷ್ಟೊಂದು ದಾಹ?”

“ಅಂಗಡಿ ಇಟ್ಟಾಗಿಂದ ಹಗಲೊತ್ನಾಗೆ ನೀರು ಕುಡಿದೋಳೇ ಅಲ್ಲ ಕಣೇ. ಮನೆ ಬಿಡೋ ಮುಂಚೆ ಒಂದು ಗುಟುಕು, ಮನೆಗೆ ಹೋದ್ ಮ್ಯಾಲೆ ಉಳಿದಿದ್ದು.”

ನಾನು ಕೇಳಿದೆ, “ಊರೋರನ್ನೆಲ್ಲ ಮೆಂಬರ ಮನೆಗೆ ಕಳಿಸ್ತಿದ್ದೆಯಲ್ಲ, ನೀನೂ ಹೋಗಬಹುದಿತ್ತಲ್ಲ?”

ದೊಡ್ಡಮ್ಮ ಬಳೆಯ ಸರ ಸರಿಪಡಿಸುವ ನೆಪದಲ್ಲಿ ಆ ಕಡೆ ತಿರುಗಿದಳು. “ಇನ್ನೊಬ್ರಿಗೆ ಅಂತಾದ್ರೆ ಜಗಳ ಮಾಡಿ ಕೇಳಬಹುದು. ನನಗೆ ಅಂತ ಹೆಂಗೆ ಕೇಳಾದು? ನಾಚಿಕೆ ಆಗ್ತೈತೆ.”

ಸನ್ಮಾನದ ಸುದ್ದಿ ಹೇಳಬೇಕೆನಿಸಲಿಲ್ಲ. ಖಾಲಿ ಚೊಂಬು ಕೈಗೆತ್ತಿಕೊಂಡು, “ಇನ್ನೊಂದು ತರ್ಲಾ?” ಅಂದೆ.

“ತಗಂಬಾ,” ಅಂದಳು. “ತಣ್ಣಗಿರೋದು ನೋಡಿ ತಗಂಬಾ.”