ಏಳು ಕೊಟ್ರೇಶರು, ಒಂದು ಅಡ್ಡಹೆಸರು

ಹೈಸ್ಕೂಲಿನಲ್ಲಿ ಪಾಠ ಮಾಡೋರು ನಗೋದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ವಾರಕ್ಕೊಂದಾದರೂ ತಾನಾಗಿ ಬರುತ್ತೆ. ಕೆಲವು ಸಲ ನಮ್ಮ ತಲೆ ಮೇಲೇ ಬಂದು ಬೀಳುತ್ತೆ, ಅಷ್ಟೇ ತೊಂದರೆ. ನಾನು ಹಿಂದಿ ಟೀಚರು. ತೊಂಬತ್ತರ ದಶಕದ ಕೊನೆಯಲ್ಲಿ ಹರಪನಹಳ್ಳಿಯಿಂದ ದಿನಾ ಬಸ್ಸು ಹಿಡಿದು ಹಡಗಲಿ ಕಡೆಯ ಒಂದೂರಿನ ಹೈಸ್ಕೂಲಿಗೆ ಹೋಗಿ ಬರ್ತಿದ್ದೆ. ಬಾಯಿ ಸ್ವಲ್ಪ ಜೋರು. ಸ್ವಲ್ಪ ಅಂತ ನಾನು ಹೇಳ್ತೀನಿ, ನಮ್ಮ ಮನೆಯವರು ಹಾಗೆ ಹೇಳೋದಿಲ್ಲ. ಒಂದು ವರ್ಷ ನಮ್ಮ ಶಾಲೆಯಲ್ಲಿ ಮಕ್ಕಳು ಮಕ್ಕಳನ್ನು ಕಾಡಿಸೋದನ್ನು ನಿಲ್ಲಿಸಿಯೇ ಬಿಡ್ತೀವಿ ಅಂತ ಹೊರಟೆವು. ಆಗ ಆದ ಫಜೀತಿಗಳು ಇವು.

೧. ಮೊದಲನೇ ಆರೋಪಿ

ಆಗಸ್ಟಿನ ಒಂದು ಬೆಳಗ್ಗೆ ಪ್ರಾರ್ಥನೆ ಮುಗಿಯೋ ಹೊತ್ತಿಗೆ ಒಬ್ಬ ಹೆಣ್ಣುಮಗಳು ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹೆಡ್ಮಾಸ್ತರ ಕೋಣೆಗೆ ಬಂದಳು. ತೋಟದ ಮಲ್ಲಿಗೆಯನ್ನು ಬಸ್ಸಿಗೆ ಹಾಕಿ ಸೀದಾ ಬಂದಿದ್ದಳು. ಎಂಟನೇ ಕ್ಲಾಸಿನ ಒಬ್ಬ ಕೊಟ್ರೇಶನ ತಾಯಿ.

"ಹದಿನೈದು ದಿನ ಆತ್ರೀ, ನನ್ನ ಮಗ ಸಾಲಿ ಒಲ್ಲೆ ಅಂತಾನ. ಹುಡ್ರು ಮಲ್ಲಿಗಿ, ಮಲ್ಲಿಗಿ ಅಂತ ಕಾಡಸ್ತಾರಂತ. 'ಜಡಿಯಾಗ ಮುಡ್ಕೊಳ್ಳೇನು' ಅಂತಾರಂತ. ಗಂಡು ಹುಡುಗ, ಮನಿಗೆ ಬಂದು ಅಳ್ತಾನ್ರೀ" ಅಂದಳು.

"ಅವರಪ್ಪ ಏನಂತಾನವ್ವ?" ಅಂತ ಹೆಡ್ಮಾಸ್ತರು ಕೇಳಿದರು.

"ಅವನ ಸೋದರಮಾವ ಹರಪನಹಳ್ಳ್ಯಾಗ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟಾನ್ರೀ. ಈ ತಿಂಗಳ ಮಟ ನೋಡಾನು, ಸಾಲಿಗೆ ಹೋಗಲಿಲ್ಲಂದ್ರ ಅಲ್ಲೇ ಕಳಿಸಿಬಿಡಾನು ಅಂತಾನ ಅವರಪ್ಪ. ಓದಾಕ ಶಾಣ್ಯಾ ಅದಾನ್ರೀ ನನ್ನ ಮಗ." ಅಷ್ಟು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಲ್ಲೇ ಹಾಜರಿಗೆ ಸಹಿ ಹಾಕ್ತಿದ್ದ ನನಗೆ ಎಲ್ಲಿತ್ತೋ ಸಿಟ್ಟು. "ಯಾವನವ ಆ ಹೆಸರಿಟ್ಟೋನು? ನನ್ನ ಕೈಗೆ ಕೊಡಿ ಸಾರ್, ಚರ್ಮ ಸುಲಿದುಬಿಡ್ತೀನಿ!" ಅಂದೆ. ನಮ್ಮ ಹೆಡ್ಮಾಸ್ತರು ತಣ್ಣನೆ ಮನುಷ್ಯ. "ಸುಲೀರಿ, ಬ್ಯಾಡನ್ನಂಗಿಲ್ಲ. ಮೊದಲು ಹುಡುಕ್ರಿ" ಅಂತ ನನ್ನನ್ನೇ ಒಂದು ಸಮಿತಿಗೆ ಅಧ್ಯಕ್ಷೆ ಮಾಡಿದರು. ಗಣಿತದ ಸಾರೂ ಪಿ.ಟಿ. ಸಾರೂ ಸದಸ್ಯರು. ತಿಂಗಳು ಮುಗಿಯೋದರೊಳಗೆ ಆ ಹುಡುಗ ಬೆಂಚಿನ ಮೇಲೆ ಬಂದು ಕೂತಿರಬೇಕು ಅನ್ನೋದು ಕೆಲಸ. ಅವತ್ತಿನಿಂದ ಶಾಲೆಯಲ್ಲಿ ಅಡ್ಡಹೆಸರು ಬಂದ್. ಕರೆದವರು ಪ್ರಾರ್ಥನೆಯಲ್ಲಿ ಎಲ್ಲರೆದುರು ನಿಂತು ತಪ್ಪಾಯ್ತು ಅನ್ನಬೇಕು.

ಮರುದಿನ ಹೆಡ್ಮಾಸ್ತರು ಇದನ್ನೇ ಬಿಸಿಲಲ್ಲಿ ಅರ್ಧ ಗಂಟೆ ಭಾಷಣ ಮಾಡಿದರು. ಅಡ್ಡಹೆಸರು ಅಂದರೆ ಕಾಲಿಗಲ್ಲ, ಮನಸ್ಸಿಗೆ ಚುಚ್ಚೋ ಜಾಲಿಮುಳ್ಳು ಅಂದರು. ನನಗೇ ಕಣ್ಣು ತುಂಬಿ ಬಂತು. ಭಾಷಣ ಮುಗಿಸಿ ಬೆವರು ಒರೆಸಿಕೊಂಡು ಪಕ್ಕಕ್ಕೆ ತಿರುಗಿ, "ಲೇ ಗಿಡ್ಡ, ಗಂಟಿ ಹೊಡಿ" ಅಂದರು.

ನಮ್ಮ ಜವಾನ ಆರಡಿ ಆಳು. ಐದು ವರ್ಷದವನಿದ್ದಾಗ ಊರವರು ಇಟ್ಟ ಹೆಸರು ಹಾಗೇ ಉಳಿದಿತ್ತು. ಭಾಷಣವನ್ನು ಅವನಷ್ಟು ಮನಸ್ಸಿಟ್ಟು ಕೇಳಿದವರು ಯಾರೂ ಇರಲಿಲ್ಲ. ಕೈಕಟ್ಟಿ ನಿಂತು, "ಯಾರಿಗಂದ್ರಿ ಸರ? ಇಲ್ಲಿ ಗಿಡ್ಡ ಯಾರೂ ಕಾಣವಲ್ರಲ್ಲ" ಅಂದ. ಇನ್ನೂರು ಮಕ್ಕಳ ಎದುರು ಮೊದಲು ತಪ್ಪಾಯ್ತು ಅಂದವರು ನಮ್ಮ ಹೆಡ್ಮಾಸ್ತರು. ಅಲ್ಲಿವರೆಗೂ ಅವನು ಗಂಟೆ ಹೊಡೆಯಲಿಲ್ಲ.

೨. ಆರು ಮಂದಿ ಭಾವಮೈದುನರು

ಕೊಟ್ಟೂರಿನ ಕೊಟ್ರೇಶ ದೇವರ ಸೀಮೆ ಇದು. ಮನೆಗೊಬ್ಬ ಕೊಟ್ರೇಶ ಇರಲೇಬೇಕು. ಎಂಟನೇ ಕ್ಲಾಸೊಂದರಲ್ಲೇ ಏಳು ಮಂದಿ. ಒಬ್ಬ ತೋಟದಲ್ಲಿ ಅಳ್ತಾ ಕೂತಿದ್ದರಿಂದ ಶಾಲೆಗೆ ಬರ್ತಿದ್ದದ್ದು ಆರು. ಮೊದಲು ಸೈಕಲ್ ಕೊಟ್ರ, ಗಿರಣಿ ಕೊಟ್ರ, ಉದ್ದ ಕೊಟ್ರ ಅಂತ ಸಲೀಸಾಗಿ ನಡೀತಿತ್ತು. ಈಗ ಕೊಟ್ರೇಶಾ ಅಂದರೆ ಆರೂ ಮಂದಿ ಎದ್ದು ನಿಲ್ಲೋರು, ಇಲ್ಲಾ ಆರೂ ಮಂದಿ ಕೂತೇ ಇರೋರು. ಮನೆಕೆಲಸ ಯಾಕೆ ಮಾಡಿಲ್ಲ ಅಂದರೆ, "ನನಗಲ್ಲೇನೋ ಅನ್ಕಂಡ್ನಿರೀ" ಅಂತ ಆರು ಕಡೆಯಿಂದ ಉತ್ತರ. ಗಣಿತದ ಸಾರು ಬುದ್ಧಿ ಓಡಿಸಿ ಎಲ್ಲರಿಗೂ ನಂಬರ್ ಕೊಟ್ಟರು. ಮೂರೇ ದಿನಕ್ಕೆ, "ಏನಲೇ ನಂಬರ್ ನಾಕು" ಅಂತ ಹೊಡೆದಾಟ ಶುರುವಾಗಿ ಅದನ್ನೂ ಕೈಬಿಟ್ಟೆವು.

ಒಂದಿನ ಮಧ್ಯಾಹ್ನ ಯಾರೋ ಒಬ್ಬ ಹಿರಿಯ ಸೈಕಲ್ಲಿನಿಂದ ಇಳಿಯದೇ ಗೇಟಿನಿಂದಲೇ ಕೂಗಿದ: "ಎಂಟನೇ ಕ್ಲಾಸಿನ ಕೊಟ್ರೇಶನ್ನ ಲಗೂನ ಮನಿಗೆ ಕಳಸ್ರೀ! ಅವರಕ್ಕನ್ನ ನೋಡಾಕ ಗಂಡಿನ ಕಡಿಯೋರು ಬಂದಾರ!" ಕೂಗಿದವನೇ ಹೊರಟೂ ಹೋದ. ಜವಾನ ಕ್ಲಾಸಿಗೆ ಬಂದು ಸುದ್ದಿ ಮುಟ್ಟಿಸಿದ.

"ಯಾರ ಅಕ್ಕನ್ರೋ ನೋಡೋದು?" ಅಂತ ಕೇಳಿದೆ. ಆರು ಕೈ ಮೇಲೆ ಬಂದವು. ಎಲ್ಲರಿಗೂ ಅಕ್ಕ ಇದ್ದಳು, ಎಲ್ಲ ಅಕ್ಕಂದಿರಿಗೂ ಗಂಡು ಹುಡುಕ್ತಿದ್ದರು, ಎಲ್ಲರಿಗೂ ಹಿಂದಿ ಪಿರಿಯಡ್ ಸಾಕಾಗಿತ್ತು. ನಾನೇನು ಮಾಡ್ಲಿ? ಬೀಗರು ಕಾಯ್ತಾ ಕೂತಿರ್ತಾರೆ ಅಂತ, "ಎಲ್ಲರೂ ಹೋಗ್ರಿ, ಯಾರದಲ್ಲವೋ ಅವರು ತಿರುಗಿ ಬರ್ರಿ" ಅಂತ ಕಳಿಸಿಬಿಟ್ಟೆ.

ಯಾರೂ ತಿರುಗಿ ಬರಲಿಲ್ಲ. ಆರೂ ಮಂದಿ ಸಾಲಾಗಿ ಬೀಗರು ಬಂದಿದ್ದ ಮನೆಗೆ ಹೋಗಿ, ಜಮಖಾನದ ಮೇಲೆ ಸಾಲಾಗಿ ಕೂತು, ಉಪ್ಪಿಟ್ಟು ತಿಂದಿದ್ದಾರೆ. ಹುಡುಗಿಯ ಅಪ್ಪ ಗಾಬರಿಗೆ ಯಾರಿಗೂ ಏನೂ ಅನ್ನಲಿಲ್ಲ. ಗಂಡಿನ ತಂದೆ ಕೆಮ್ಮಿ, "ತಮ್ಮಾ, ನಿನ್ನ ಹೆಸರೇನು?" ಅಂತ ಒಬ್ಬೊಬ್ಬರನ್ನೇ ಕೇಳ್ತಾ ಬಂದರಂತೆ. ಆರು ಸಲ ಕೊಟ್ರೇಶ ಅಂತ ಕೇಳಿಸಿಕೊಂಡು, ಹೆಂಡತಿ ಕಡೆ ವಾಲಿ, "ಹುಡುಗಿ ಒಪ್ಪಿಗಿ ಐತಿ, ಆದ್ರ ಇವರವ್ವಗ ಬ್ಯಾರೆ ಹೆಸರಾ ಗೊತ್ತಿಲ್ಲೇನು?" ಅಂದರಂತೆ.

೩. ದೊಡ್ಡೋರು ಅದಾರ್ರೀ

ಇತ್ತ ನನ್ನ ತನಿಖೆ ನಡೆದೇ ಇತ್ತು. ತಿಂಗಳು ಮುಗಿಯೋಕೆ ಹತ್ತೇ ದಿನ. ಆ ಹೆಸರಿಟ್ಟವನನ್ನು ಹಿಡಿದು ಹುಡುಗನ ಮುಂದೆ ನಿಲ್ಲಿಸಿದರೆ ತಾನೇ ಅವನಿಗೆ ಧೈರ್ಯ ಬರೋದು ಅಂತ ನನ್ನ ಹಟ. ಹತ್ತನೇ ಕ್ಲಾಸಿನವರನ್ನು ಕೇಳಿದೆ, ಒಂಬತ್ತನೇ ಹುಡುಗರ ಕಡೆ ಬೆರಳು ತೋರಿಸಿದರು. ಅವರು ಎಂಟನೇ ಕ್ಲಾಸಿನ ಹಿಂದಿನ ಬೆಂಚನ್ನು ತೋರಿಸಿದರು. ಹಿಂದಿನ ಬೆಂಚು ಮುಂದಿನ ಬೆಂಚನ್ನು ತೋರಿಸಿತು. ಕೊನೆಗೆ ಕ್ಲಾಸ್ ಲೀಡರ್ ಹುಡುಗಿ ಸಿಕ್ಕಳು. ಸುಳ್ಳು ಹೇಳೋ ಪೈಕಿ ಅಲ್ಲ.

"ಯಾರಮ್ಮ ಮೊದಲು ಅಂದೋನು?" ಅಂತ ಮೇಜಿಗೆ ಬೆತ್ತ ಬಡಿದೆ.

ಅವಳು ಕಾಲ್ಬೆರಳು ನೋಡ್ತಾ ನಿಂತಳು. "ದೊಡ್ಡೋರು ಅದಾರ್ರೀ" ಅಂದಳು.

"ಎಷ್ಟು ದೊಡ್ಡೋನಾದರೂ ಇರಲಿ, ನಾನಿದ್ದೀನಿ, ಹೇಳು."

"ನೀವಿದ್ದೀರಂತನಾ ಹೇಳಾಕ ಅಂಜಿಕಿ ಬರ್ತತಿ."

"ನಾನು ನಿನಗೆ ಹೊಡೆಯೋದಿಲ್ಲ ಕಣೇ!"

"ಮತ್ತ ಬೆತ್ತ ಹಿಡ್ಕೊಂಡೀರಲ್ರೀ. ಪೆಟ್ಟಿಗಿ ಒಳಗ ಬರದು ಹಾಕ್ತೀನಿ ಬಿಡ್ರೀ."

ಪೆಟ್ಟಿಗೆ ಅಂದರೆ ದೂರು ಪೆಟ್ಟಿಗೆ. ಹಳೇ ಬಿಸ್ಕತ್ ಡಬ್ಬಿಗೆ ಪಿ.ಟಿ. ಸಾರು ಮೇಲೊಂದು ಸೀಳು ಹಾಕಿ ಬೀಗ ಜಡಿದಿದ್ದರು. ನನಗೆ ಖುಷಿಯೋ ಖುಷಿ. ನಾಳೆ ಕಳ್ಳ ಸಿಗ್ತಾನೆ ಅಂತ ಸ್ಟಾಫ್ ರೂಮಿನಲ್ಲಿ ಹೇಳಿದೆ, ಮನೆಯಲ್ಲಿ ಹೇಳಿದೆ, ಬಸ್ಸಿನ ಕಂಡಕ್ಟರಿಗೂ ಹೇಳಿದೆ. "ಸಿಕ್ಕರೆ ಬಿಡಬೇಡಿ ಮೇಡಂ" ಅಂತ ಅವನೂ ಹುರಿದುಂಬಿಸಿದ.

೪. ಬಿಸ್ಕತ್ ಡಬ್ಬಿ

ಮರುದಿನ ಚಹಾ ಹೊತ್ತಿಗೆ ಎಲ್ಲರೂ ಸೇರಿದ ಮೇಲೆ ಬೀಗ ತೆಗೆದೆ. ಓದೋ ಕೆಲಸ ಅಧ್ಯಕ್ಷೆಯದ್ದು.

ಮೊದಲನೇ ಚೀಟಿ: "ಗಣಿತದ ಸರ್ ನನಗ ಸೊನ್ನಿ ಅಂತ ಕರೀತಾರ." ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗಣಿತದ ಸಾರು ನಗಲಿಲ್ಲ.

ಎರಡನೇದು: "ಪಿ.ಟಿ. ಸರ್ ನನಗ ಗೋಣಿಚೀಲ ಅಂತಾರ." ಈಗ ಗಣಿತದ ಸಾರು ಎಲ್ಲರಿಗಿಂತ ಜೋರಾಗಿ ನಕ್ಕರು.

ಮೂರನೇದು: "ಹೆಡ್ಮಾಸ್ತರು ನಮ್ಮ ಇಡೀ ಕ್ಲಾಸಿಗೆ ಕುರಿ ಹಿಂಡು ಅಂತಾರ." ಹೆಡ್ಮಾಸ್ತರು ಕನ್ನಡಕ ತೆಗೆದು ಒರೆಸ್ತಾ, "ಅದು ಹೆಸರಲ್ಲ, ವರ್ಣನೆ" ಅಂದರು.

ಮಕ್ಕಳ ಮೇಲೆ ಮಕ್ಕಳು ಬರೆದ ದೂರು ಒಂದೂ ಇರಲಿಲ್ಲ. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ನಾಲ್ಕನೇ ಚೀಟಿಯಲ್ಲಿ ಆ ಹುಡುಗಿಯ ದುಂಡು ಅಕ್ಷರ ಕಂಡ ಕೂಡಲೇ, "ಎಲ್ಲರೂ ಕೇಳ್ರಿ" ಅಂತ ಎದ್ದು ನಿಂತು ಗಟ್ಟಿಯಾಗಿ ಓದಿದೆ:

"ಕೊಟ್ರೇಶಗ ಮಲ್ಲಿಗಿ ಅಂತ ಮೊದಲು ಅಂದೋರು ಹಿಂದಿ ಟೀಚರು. ಜೂನ್ ತಿಂಗಳಾಗ ಅಂದ್ರು. ಅವನು ತೋಟದಿಂದ ಓಡಿ ಬಂದಿದ್ದ. ಅಂಗಿ ಕಿಸೆದಾಗ ಮೊಗ್ಗು ಇದ್ವು. ಟೀಚರು ಬಾರಪ್ಪ ಮಲ್ಲಿಗಿ ಅಂದ್ರು. ನಾವೆಲ್ಲ ನಕ್ಕಿವಿ. ಅವನು ನಗಲಿಲ್ಲ."

ಹೌದು, ಅಂದಿದ್ದೆ. ತಡವಾಗಿ ಬಂದ ಹುಡುಗನ ಹಿಂದೆ ಇಡೀ ಕೋಣೆಗೆ ಘಮ ಬಂದಿತ್ತು, ಪ್ರೀತಿಯಿಂದಲೇ ಅಂದಿದ್ದೆ. ಅಂದ ಮರುಗಳಿಗೆ ನಾನು ಮರೆತೆ. ಕ್ಲಾಸು ಮರೆಯಲಿಲ್ಲ. ಆ ಮಗು ಎರಡು ತಿಂಗಳು ಅದನ್ನು ಹೊತ್ತು ತಿರುಗಿತ್ತು. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಹೆಡ್ಮಾಸ್ತರು ಚಹಾ ಹೀರಿ, ಬಹಳ ಮರ್ಯಾದೆಯಿಂದ, "ಮತ್ತ ಚರ್ಮ ಸುಲಿಯೋದು ಯಾವಾಗ್ರೀ ಮೇಡಂ?" ಅಂದರು.

೫. ತೋಟದಲ್ಲಿ ತಪ್ಪೊಪ್ಪಿಗೆ

ಮರುದಿನ ಮೊದಲನೇ ಬಸ್ಸಿಗೇ ಹೊರಟು ಬೆಳ್ಳಂಬೆಳಗ್ಗೆ ಅವರ ತೋಟದಲ್ಲಿದ್ದೆ. ತಾಯಿ, ತಂದೆ, ಹುಡುಗ ಮೂರೂ ಜನ ಮೊಗ್ಗು ಬಿಡಿಸ್ತಿದ್ದರು. ನನ್ನನ್ನು ನೋಡಿದ್ದೇ ಹುಡುಗ ಗಿಡದ ಹಿಂದೆ ಕುಕ್ಕರಗಾಲಲ್ಲಿ ಕೂತ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ, ಒಂದೂ ಬಾಯಿಗೆ ಬರಲಿಲ್ಲ. "ನಾನೂ ಬಿಡಿಸ್ತೀನಿ" ಅಂತ ಸೆರಗು ಒಡ್ಡಿ ಗಿಡಕ್ಕೆ ಕೈ ಹಾಕಿದೆ.

ಅರ್ಧ ಗಂಟೆಯಲ್ಲಿ ಸೆರಗು ತುಂಬಿತು. ಹುಡುಗನಿಗೆ ತಡೆಯಲಾಗಲಿಲ್ಲ.

"ಟೀಚರ್ರೀ, ಅರಳಿದ್ದು ಕೀಳಬಾರ್ದ್ರೀ. ಬಿಗಿ ಮೊಗ್ಗು ಕೀಳಬೇಕು. ನೀವು ಕಿತ್ತಿದ್ದು ಹರಪನಹಳ್ಳಿ ಮುಟ್ಟಾದ್ರೊಳಗ ಬಾಡಿ ಹೋಗ್ತಾವ."

ಅವರಪ್ಪ ಆ ಕಡೆಯಿಂದ, "ಇಂಥ ಟೀಚರ್ನ ಕೆಲಸಕ್ಕ ಇಟ್ಕೊಂಡ್ರ ನಮ್ಮ ತೋಟ ಮುಳುಗ್ತತಿ" ಅಂದ. ಹುಡುಗ ಕಿಸಕ್ಕಂತ ನಕ್ಕ. ಆ ನಗುವಿನ ಧೈರ್ಯದ ಮೇಲೆ ನಾನು ಬಾಯಿ ಬಿಟ್ಟೆ.

"ತಪ್ಪಾಯ್ತಪ್ಪ ಕೊಟ್ರೇಶ. ಆ ಹೆಸರಿಟ್ಟೋಳು ನಾನೇ. ಇಟ್ಟದ್ದು ನನಗೇ ನೆನಪಿರಲಿಲ್ಲ ನೋಡು, ಅದು ಇನ್ನೂ ದೊಡ್ಡ ತಪ್ಪು. ಗ್ಯಾರೇಜಿಗೆ ಹೋಗಬೇಡ, ಶಾಲೆಗೆ ಬಾ ಮಗನೇ." ಅವನ ತಾಯಿ ಮುಖ ಆ ಕಡೆ ತಿರುಗಿಸಿಕೊಂಡಳು.

ಹುಡುಗ ಕೈಯಲ್ಲಿದ್ದ ಮೊಗ್ಗು ಬುಟ್ಟಿಗೆ ಹಾಕಿ, ಪೂರಾ ಮರ್ಯಾದೆಯಿಂದ ಹೇಳಿದ: "ನೀವು ಬಂದಿದ್ದು ಭಾಳ ಚಲೋ ಆತ್ರೀ. ಆದ್ರ ಇಲ್ಲಿ ಹೇಳಿದ್ರ ಯಾರಿಗೆ ಕೇಳ್ತತ್ರೀ? ನಮ್ಮ ಎಮ್ಮಿಗೆ ಕೇಳ್ತತಿ."

೬. ಒಂದು ಅರ್ಜಿ

ಸರಿಯಪ್ಪ ಅಂತ ಸೋಮವಾರ ಪ್ರಾರ್ಥನೆಯಲ್ಲಿ ಇನ್ನೂರು ಮಕ್ಕಳ ಎದುರು ನಿಂತೆ. "ಕೊಟ್ರೇಶನಿಗೆ ಮಲ್ಲಿಗಿ ಅಂತ ಹೆಸರಿಟ್ಟೋಳು ನಾನು. ತಪ್ಪಾಯ್ತು. ಇನ್ನು ಯಾರೂ ಹಾಗೆ ಕರೆಯಬೇಡಿ" ಅಂದೆ. ನಗ್ತಾರೆ ಅಂದುಕೊಂಡಿದ್ದೆ, ಒಬ್ಬರೂ ನಗಲಿಲ್ಲ. ಹುಡುಗ ಗೇಟಿನ ಹೊರಗೆ ಸೈಕಲ್ ಮೇಲೆ ಒಂದು ಕಾಲೂರಿ, ಯಾವ ಗಳಿಗೆಯಲ್ಲಾದರೂ ಓಡೋಕೆ ತಯಾರಾಗಿ ನಿಂತಿದ್ದ. ನಾನು ಮುಗಿಸಿದ ಮೇಲೆ ಸೈಕಲ್ ಒಳಗೆ ತಂದು ನಿಲ್ಲಿಸಿ ಎಂಟನೇ ಕ್ಲಾಸಿನ ಸಾಲಿಗೆ ಸೇರಿಕೊಂಡ. ಅವನ ಪಕ್ಕದವನು ಸ್ವಲ್ಪ ಸರಿದು ಜಾಗ ಬಿಟ್ಟ. ಜಡೆ ಗಿಡೆ ಅಂತಿದ್ದ ಹುಡುಗರೂ ಬಾಯಿ ಮುಚ್ಚಿಕೊಂಡರು. ಟೀಚರೇ ತಪ್ಪಾಯ್ತು ಅಂದ ಮೇಲೆ ಅವರಿಗೆ ಇನ್ನೇನು ಉಳಿದಿತ್ತು? ಗ್ಯಾರೇಜಿನ ಮಾತು ಅಲ್ಲಿಗೇ ನಿಂತಿತು.

ಎರಡು ತಿಂಗಳಾದ ಮೇಲೆ, ಅರ್ಧವಾರ್ಷಿಕ ಪರೀಕ್ಷೆಯ ಅಂಕ ಮನೆಗೆ ಕಳಿಸಿದ ವಾರ, ಆ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಮುಖ ಸಪ್ಪಗಿತ್ತು.

"ಯಾಕಪ್ಪ, ಯಾರಾದರೂ ಏನಾದರೂ ಅಂದ್ರಾ?"

"ಇಲ್ರೀ. ಯಾರೂ ಏನೂ ಅನ್ನವಲ್ರು. ಅದಾ ಫಜೀತಿ ಆಗೇತ್ರೀ."

"ಅಂದ್ರೆ?"

"ಹಿಂದ್ಯಾಗ ನನಗ ಐವತ್ತಕ್ಕ ಮೂವತ್ತೆಂಟು ಬಂದಾವ, ಮನಿಗೆ ಬಂದ ಕಾರ್ಡಿನ್ಯಾಗ ಬ್ಯಾರೆ ಕೊಟ್ರೇಶನ ಹನ್ನೊಂದು ಐತಿ. ನಮ್ಮಪ್ಪ ಬೈದ. ಪಿ.ಟಿ. ಸರ್ ಕಬಡ್ಡಿಗೆ ನನ್ನ ಕರದ್ರ ಇನ್ನೊಬ್ಬ ಕೊಟ್ರೇಶ ಹೋಗಿ ನಿಲ್ತಾನ. ಉಳಿದ ಆರೂ ಮಂದಿ ನಿಮಗ ಗೊತ್ತಾಗ್ದಂಗ ಒಳಗೊಳಗ ಒಂದೊಂದು ಹೆಸರು ಇಟ್ಕೊಂಡಾರ್ರೀ. ನನಗ ಇಡಾಕ ಯಾರೂ ಒಲ್ರು, ಅಂಜ್ತಾರ." ಆಮೇಲೆ ದನಿ ಇಳಿಸಿ, "ನನಗೂ ಒಂದು ಚಲೋ ಅಡ್ಡಹೆಸರು ಬೇಕ್ರೀ" ಅಂದ.

ಪೇಪರು ಓದ್ತಿದ್ದ ಹೆಡ್ಮಾಸ್ತರು ಪೇಪರಿನ ಹಿಂದೆ ಅಡಗಿಕೊಂಡರು. ಪೇಪರು ಅಲ್ಲಾಡ್ತಿತ್ತು.

"ಅಯ್ಯೋ ಮಾರಾಯ, ನನ್ನ ಕೇಳಬೇಡ!" ಅಂತ ನಾನು ಎರಡೂ ಕಿವಿ ಹಿಡಿದುಕೊಂಡೆ. "ನಿನ್ನ ಗೆಳೆಯರನ್ನ ಕೇಳು, ಪಿ.ಟಿ. ಸಾರನ್ನ ಕೇಳು, ಬೇಕಾದರೆ ಹೆಡ್ಮಾಸ್ತರನ್ನೇ ಕೇಳು."

"ಅವರು ಇಟ್ರ ಒಂದು ವಾರ ನಿಲ್ಲಂಗಿಲ್ರೀ" ಅಂದ ಹುಡುಗ. "ನೀವಾ ಇಡ್ರೀ ಟೀಚರ್. ನೀವು ಇಟ್ಟಿದ್ದು ಒಂದಾ ದಿನದಾಗ ಇಡೀ ಸಾಲಿಗೆ ಹಬ್ಬತೈತಿ."