ಹೆಲ್ಮೆಟ್‌ನಲ್ಲಿ ಬಂದ ಪೇಷಂಟು

ದವಾಖಾನೆಯಲ್ಲಿ ಸಿಸ್ಟರ್ ಆದವಳ ಮನೆಗೆ ಪೇಷಂಟುಗಳು ಹೇಳಿ ಕೇಳಿ ಬರುವುದಿಲ್ಲ. ಬೀದರಿನ ನಮ್ಮ ಓಣಿಯಲ್ಲಿ ಯಾರ ಬೆರಳು ಕೊಯ್ದರೂ, ಯಾರ ಆಡು ಕುಂಟಿದರೂ ಮೊದಲು ಬಡಿಯುವುದು ನಮ್ಮ ಬಾಗಿಲನ್ನೇ. ಆದರೆ ಈ ಸಲ ಬಂದಂಥ ಪೇಷಂಟನ್ನು ನನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ.

೧. ಹೆಲ್ಮೆಟ್ಟು

ನಮ್ಮ ಯಜಮಾನರು ಭಾಲ್ಕಿಯಲ್ಲಿ ಮಾಸ್ತರರು, ದಿನಾ ಬೈಕಿನ ಮೇಲೆ ಹೋಗಿ ಬರುತ್ತಾರೆ. ಒಂದು ಸಂಜೆ ಹಲಬರ್ಗಾದ ಹತ್ತಿರ ರಸ್ತೆಯ ನಡುವೆ ಆಮೆಯೊಂದು ಬಿದ್ದಿತ್ತಂತೆ. ಯಾವುದೋ ಗಾಡಿ ತಾಗಿ ಬೆನ್ನಿನ ಚಿಪ್ಪು ಒಡೆದು ರಕ್ತ ಬರುತ್ತಿತ್ತು. ಇಡಲಿಕ್ಕೆ ಬೇರೇನೂ ಸಿಗದೆ ಅದನ್ನು ಹೆಲ್ಮೆಟ್ಟಿನಲ್ಲಿ ಕೂರಿಸಿ, ಮುಂದೆ ಪೆಟ್ರೋಲ್ ಟಾಕಿಯ ಮೇಲಿಟ್ಟುಕೊಂಡು ಬಂದರು. ಊರು ಹೊಕ್ಕ ಕೂಡಲೇ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದ.

"ಹೆಲ್ಮೆಟ್ ಎಲ್ಲ್ಯದರಿ?"

"ಇಲ್ಲೇ ಅದರಿ. ಆದ್ರ ಅದರಾಗ ಪೇಷಂಟ್ ಅದ."

ಪೊಲೀಸ್ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಅಲ್ರಿ ಸರ್, ಅದು ಹುಟ್ಟಿದಾಗಿಂದ ಹೆಲ್ಮೆಟ್ ಹಾಕ್ಕೊಂಡೇ ತಿರಗತದ. ಅದಕ್ಕ ಇನ್ನೊಂದು ಕೊಟ್ಟು ನೀವು ಬರೇ ತಲಿಲೆ ಹೊಂಟೀರಲ್ಲ?"

೨. ಬ್ರೆಡ್ಡು

ದನದ ದವಾಖಾನೆಯ ಡಾಕ್ಟರು ಗಾಯ ತೊಳೆದು ಔಷಧ ಹಚ್ಚಿದರು, ಅರಣ್ಯ ಇಲಾಖೆಗೂ ಫೋನು ಮಾಡಿದರು. ಅಲ್ಲಿಂದ ಬಂದ ಗಾರ್ಡ್ ಖಡಕ್ ಮನುಷ್ಯ. "ಆಮಿ ಮನ್ಯಾಗ ಸಾಕಂಗಿಲ್ರಿ, ಕಾನೂನದ. ನೀವು ಸಿಸ್ಟರ್ ಇದ್ದೀರಿ ಅಂತ ಗಾಯ ಮಾಗೋತನ ನಿಮ್ಮಲ್ಲೇ ಇಡತೇನಿ. ಮಾಗಿದ ಮ್ಯಾಲ ಕೆರಿಗೆ ಬಿಡೋದೇ," ಎಂದ.

ಸುದ್ದಿ ಓಣಿ ತುಂಬಿತು. ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಖಾಲಾ ಒಂದು ಬ್ರೆಡ್ಡು, ನಾಲ್ಕು ಮೋಸಂಬಿ ಹಿಡಿದುಕೊಂಡು ಬಂದರು.

"ಖಾಲಾ, ಆಮಿ ಬ್ರೆಡ್ ತಿನ್ನಂಗಿಲ್ಲ."

"ತಿನ್ಲಿ ಬಿಡ್ಲಿ. ಬಿಮಾರ್ ಇದ್ದೋರ್ನ ನೋಡ್ಲಾಕ ಖಾಲಿ ಕೈಲೆ ಬರ್ತಾರೇನವ್ವಾ?"

ಖಾಲಾ ತಂದ ಮೇಲೆ ಉಳಿದವರು ಬಿಟ್ಟಾರೆಯೇ? ಬಂದವರೆಲ್ಲ ಬ್ರೆಡ್ಡು ತಂದರು. ಎಸೆಯಲು ಮನಸ್ಸಾಗದೆ ನಾನು ಬೆಳಿಗ್ಗೆ ಸಂಜೆ ಯಜಮಾನರಿಗೆ ಅದನ್ನೇ ಬಡಿಸಿದೆ. ಕೊನೆಗೆ ಅವರು ತಟ್ಟೆ ಸರಿಸಿ, "ಗಾಡಿ ತಾಗಿದ್ದು ಅದಕ್ಕ, ಪಥ್ಯ ನನಗ," ಎಂದರು.

೩. ಅರಿಶಿಣ

ನಮ್ಮ ಅತ್ತೆ ಔರಾದ ಕಡೆಯವರು. ನಮ್ಮ ಜೊತೆ ಇರಲು ಬಂದಾಗಿನಿಂದ ಬಾಯಿ ಕಟ್ಟಿದಂತಾಗಿತ್ತು ಅವರಿಗೆ. ನಾವಿಬ್ಬರೂ ಡ್ಯೂಟಿಗೆ ಹೋದರೆ ಮಾತಾಡಲು ಯಾರಿದ್ದಾರೆ? ಆಮೆ ಬಂದದ್ದೇ ತಡ, ಅತ್ತೆಗೆ ಮಾತು ಬಂತು. ಅದನ್ನಿಟ್ಟ ಟಬ್ಬಿನ ಪಕ್ಕ ಮಣೆ ಹಾಕಿಕೊಂಡು ತಮ್ಮ ಮದುವೆಯ ಕಥೆಯಿಂದ ಹಿಡಿದು ನನ್ನ ಸಾರಿಗೆ ಉಪ್ಪು ಹೆಚ್ಚಾದದ್ದರ ತನಕ ಎಲ್ಲ ಹೇಳುತ್ತಿದ್ದರು. ನಡುವೆ ಬಾಯಿ ಹಾಕದೆ ಕೇಳುವವರು ಅವರಿಗೆ ಸಿಕ್ಕದ್ದು ಅದೇ ಮೊದಲು.

ಗಾರ್ಡ್ ಬಂದು ನೋಡಿದಾಗಲೆಲ್ಲ ಅರಿಶಿಣ ಮೆತ್ತಿದ ಬೆನ್ನು. "ಇನ್ನೂ ಹಸಿ ಅದರಿ ಸಾಹೇಬ್ರ," ಎನ್ನುತ್ತಿದ್ದರು ಅತ್ತೆ. ಇಷ್ಟು ದಿನ ಮಾಗದ ಗಾಯ ಎಂಥದ್ದೆಂದು ಒಂದು ದಿನ ನಾನೇ ತೊಳೆದು ನೋಡಿದೆ. ಚಿಪ್ಪು ಕೂಡಿ ಗಟ್ಟಿಯಾಗಿತ್ತು. ಅತ್ತೆ ದಿನಾ ಬೆಳಿಗ್ಗೆ ಹೊಸ ಅರಿಶಿಣ ಬಳಿಯುತ್ತಿದ್ದರು.

"ಅತ್ತಿ, ಇದು ಯಾವಾಗೋ ಮಾಗ್ಯದ."

"ಮ್ಯಾಲ ಮಾಗ್ಯದ. ಒಳಗಿಂದು ನಿನಗೇನ್ ಗೊತ್ತು?"

ನನಗೆ ನಗುವೂ ಬಂತು, ಪಾಪವೂ ಅನ್ನಿಸಿತು. ಗಾಯ ಮಾಗುವ ಮೊದಲೇ ಡಿಸ್ಚಾರ್ಜ್ ಮಾಡಿರೆಂದು ಜಗಳ ತೆಗೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಡಿಸ್ಚಾರ್ಜ್ ಆಗಬಾರದೆಂದು ಪೇಷಂಟಿಗೆ ಮೇಕಪ್ ಮಾಡಿದವರು ನಮ್ಮ ಅತ್ತೆಯೊಬ್ಬರೇ.

೪. ಕೆರೆ

ಗಾಯ ಮಾಗಿದ್ದನ್ನು ಗಾರ್ಡಿಗೆ ನಾನೇ ತಿಳಿಸಿದೆ. ಭಾನುವಾರ ಚರ್ಚು ಮುಗಿಸಿ ಹಲಬರ್ಗಾದ ಹತ್ತಿರದ ಕೆರೆಗೆ ಹೋದೆವು. ಅತ್ತೆ, ಯಜಮಾನರು, ಖಾಲಾ, ಗಾರ್ಡ್, ಓಣಿಯ ಅರ್ಧ ಮಂದಿ. ಎಲ್ಲರಿಗೂ ಮದುವೆಗೆ ಹೊರಟ ಹುರುಪು. ಅತ್ತೆ ಮಾತ್ರ ಟಬ್ಬನ್ನು ತೊಡೆಯ ಮೇಲಿಟ್ಟು ತಬ್ಬಿಕೊಂಡು ಕೂತಿದ್ದರು.

ನೀರಿನ ಅಂಚಿಗೆ ಇಟ್ಟರೆ ಆಮೆ ತಲೆ, ಕಾಲು ಒಳಗೆಳೆದುಕೊಂಡು ಕಲ್ಲಿನಂತೆ ಕೂತಿತು. ಎಷ್ಟು ಹೊತ್ತಾದರೂ ಅಲುಗಲಿಲ್ಲ.

ಖಾಲಾ ಕಣ್ಣೊರೆಸಿಕೊಂಡರು. "ನೋಡ್ರಿ, ಅಮ್ಮನ್ನ ಬಿಟ್ಟು ಹೋಗ್ಲಾಕ ಅದಕ್ಕ ದಿಲ್ ಇಲ್ಲ."

ಗಾರ್ಡಿನ ಖಡಕ್ಕೂ ಕರಗಿತು. "ತಾನಾಗೇ ಹೋಗಲ್ಲ ಅಂದ್ರ ಇನ್ನೊಂದು ವಾರ ಇಟ್ಟ್ಕೋರಿ ಅಮ್ಮಾ," ಎಂದ.

ನಾನು ಅತ್ತೆಯ ಮುಖ ನೋಡಿದೆ. ಹೂಂ ಎಂದರೆ ಸಾಕು, ಆಮೆ ಮನೆಗೆ ವಾಪಸ್. ಅತ್ತೆ ಆಮೆಯನ್ನು ನೋಡಿದರು, ನಮ್ಮ ಗುಂಪನ್ನು ನೋಡಿದರು.

"ಹೊಸಾ ಸೊಸಿನ್ನ ನೋಡ್ದಂಗ ಸುತ್ತ ನಿಂತೀರಿ. ಯಾರರ ಹೆಜ್ಜಿ ಎತ್ತಿಡ್ತಾರ? ಎಲ್ಲಾರೂ ಆ ಕಡಿ ಮಖ ಮಾಡ್ರಿ."

ಖಾಕಿ ತೊಟ್ಟ ಗಾರ್ಡ್ ಸಹಿತ ಎಲ್ಲರೂ ಕೆರೆಗೆ ಬೆನ್ನು ಹಾಕಿ ರಸ್ತೆ ನೋಡುತ್ತ ಸಾಲಾಗಿ ನಿಂತೆವು. ಅತ್ತೆಯೂ ನಿಂತರು. ಅದೇ ಹೊತ್ತಿಗೆ ಭಾಲ್ಕಿ ಬಸ್ಸು ಬಂತು. ಇಷ್ಟು ಮಂದಿ ತನ್ನ ಬಸ್ಸಿಗೇ ಕಾಯುತ್ತಿದ್ದಾರೆಂದು ಡ್ರೈವರ್ ನಿಲ್ಲಿಸಿಯೇಬಿಟ್ಟ.

"ಬರ್ರಿ ಬರ್ರಿ, ಲಗೂ ಹತ್ರಿ," ಎಂದ ಕಂಡಕ್ಟರ್.

"ಸುಮ್ನಿರ್ರಿ. ಆ ಕಡಿ ನೋಡ್ರಿ," ಎಂದು ಗಾರ್ಡ್ ಗದರಿದ.

ಖಾಕಿಯ ಮಾತು. ಬಸ್ಸಿನಲ್ಲಿದ್ದವರೆಲ್ಲ ಗಪ್ಪನೆ ಆ ಕಡೆ ಮುಖ ತಿರುಗಿಸಿ ಕೂತರು. ನಮ್ಮ ಹಿಂದೆ ನೀರಿನಲ್ಲಿ ಬುಳಕ್ ಎಂದಿತು.

ತಿರುಗಿದರೆ ದಂಡೆ ಖಾಲಿ. ಎಲ್ಲರೂ ಚಪ್ಪಾಳೆ ಹೊಡೆದರು. ಅತ್ತೆ ನೀರನ್ನೇ ನೋಡುತ್ತ ನಿಂತರು.

"ಇಷ್ಟು ಮಾಡ್ದೆ. ಹೋಗಾಗ ಒಮ್ಮಿ ತಿರುಗಿ ನೋಡ್ಲಿಲ್ಲ ನೋಡು ಅದು."

"ನೋಡ್ಲಿಲ್ಲಂತ ನಮಗೇನ್ ಗೊತ್ತು ಅತ್ತಿ? ನಾವೆಲ್ಲಾ ರಸ್ತಿ ಕಡಿ ಮಖ ಮಾಡಿದ್ವಿ."

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು.

"ಹಂಗಾದ್ರ ನೋಡೇ ಇರ್ತದ. ನಿಮ್ಮ ಸಂಗಟ ನಾನೂ ಯಾಕ ತಿರುಗಿ ನಿಂತೆನೋ."