ಕಾವಲಿ ಹಿಡಿದ ರಾಣಿ

ಡೊಂಬಿವಲಿಯಿಂದ ಕೋಪರಖೈರಣೆಗೆ ಒಂದು ಚಿತ್ರ ಸಾಗಿಸುವಾಗ ಏನೇನು ಆಗಬಹುದಿತ್ತು! ಲೋಕಲ್ ರೈಲಿನ ಬಾಗಿಲಲ್ಲಿ ಚೌಕಟ್ಟು ಸಿಕ್ಕಿಕೊಳ್ಳಬಹುದಿತ್ತು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಯಾರದೋ ಮೊಣಕೈ ರಾಣಿಯ ಹೊಟ್ಟೆ ತೂರಿ ಆಚೆ ಬರಬಹುದಿತ್ತು. ಮಳೆ ಬಂದು ಅರಬ್ಬೀ ಸಮುದ್ರ ಅವಳ ಸೀರೆಗೆ ಇಳಿಯಬಹುದಿತ್ತು. ಸಭೆಯಲ್ಲಿ ಯಾರಾದರೂ ಎದ್ದು ಇತಿಹಾಸಕ್ಕೆ ಅವಮಾನವಾಯಿತೆಂದು ಕೂಗಬಹುದಿತ್ತು, ನನ್ನ ಬಿ.ಪಿ. ಏರಬಹುದಿತ್ತು. ಇವನ್ನೆಲ್ಲ ಮನೆಯಲ್ಲೇ ಅನುಭವಿಸಿ ಮುಗಿಸಿ ಹೊರಡುವವನು ನಾನು.

ಚಿತ್ರ ಬರೆದವನೂ ನಾನೇ. ಪೋರ್ಚುಗೀಸರ ಹಡಗುಗಳಿಗೆ ಎದುರಾಗಿ ದೋಣಿಯಲ್ಲಿ ನಿಂತ ನಮ್ಮ ಕರಾವಳಿಯ ರಾಣಿ. ಬಲಗೈಯಲ್ಲಿ ಉರಿಯುವ ಪಂಜು, ಎಡಗೈಯಲ್ಲಿ ಗುರಾಣಿಯ ಬದಲು ನಮ್ಮಮ್ಮನ ಕಬ್ಬಿಣದ ದೋಸೆ ಕಾವಲಿ. ಅಪ್ಪ ಹೋದ ಮೇಲೆ ಅಮ್ಮ ಆ ಒಂದು ಕಾವಲಿ ಮುಂದಿಟ್ಟುಕೊಂಡೇ ನಮ್ಮನ್ನು ಸಾಕಿದ್ದು. ನಾವು ಬಾಡಿಗೆಗಿದ್ದ ಚಾಳಿನ ಮಾಲೀಕ ಗದರಿದರೂ, ನೆಂಟರು ಬಂದು ಬುದ್ಧಿ ಹೇಳಿದರೂ ಸಟ್ಟುಗ ಹಿಡಿದೇ ಉತ್ತರ ಕೊಡುತ್ತಿದ್ದಳು. ಬೇರೆ ಗುರಾಣಿ ನಾನು ಕಂಡವನಲ್ಲ. ಆ ಕಾವಲಿಯನ್ನು ಸೋಪು ಹಾಕಿ, ಸ್ಟೀಲ್ ನಾರಿನಿಂದ ತಿಕ್ಕಿ, ಥಳಥಳ ಹೊಳೆಯಿಸಿ, ಹೆಂಡತಿ ಸುಮತಿಯ ಕೈಗೆ ಕೊಟ್ಟು ಬಾಲ್ಕನಿಯಲ್ಲಿ ನಿಲ್ಲಿಸಿದ್ದೆ. "ರಾಣಿಗೆ ಕೈ ನೋಯುದಿಲ್ವಾ?" ಎಂದು ಅವಳು ಕೇಳಿದ್ದಳು. ಚಿತ್ರ ಮುಗಿಯುವವರೆಗೂ ಕಾವಲಿ ಅಡುಗೆಮನೆಗೆ ಮರಳಲಿಲ್ಲ.

ಚಿತ್ರ ತೂಗುಹಾಕಬೇಕಿದ್ದುದು ಕೋಪರಖೈರಣೆಯ ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ. ಅಧ್ಯಕ್ಷರಾದ ಶೆಟ್ಟರು ಹೋಟೆಲಿನವರು. ಚಿತ್ರದ ಫೋಟೊ ನೋಡಿ ಫೋನ್ ಮಾಡಿದರು: "ಫಸ್ಟ್ ಕ್ಲಾಸ್ ಉಂಟು ಮಾರಾಯ್ರೆ. ಆದ್ರೆ ಕಾವಲಿ ಎಂತಕ್ಕೆ? ಅದರ ಮೇಲೊಂದು ಸಿಂಹ ಬರೀರಿ, ಗುರಾಣಿ ಆಯ್ತು. ಇಲ್ಲದಿದ್ರೆ ಹಾಲ್‌ನಲ್ಲಿ ಹಾಕ್ಲಿಕ್ಕಾಗುದಿಲ್ಲ."

ನನ್ನ ಕಾಲು ತುಳಿದವರಿಗೂ "ಸಾರಿ" ಅನ್ನುವ ಮನುಷ್ಯ ನಾನು. ಆವತ್ತು ಮಾತ್ರ ನನ್ನ ಗಂಟಲಿನಿಂದ ಅಮ್ಮನ ಧ್ವನಿ ಹೊರಟಿತು.

"ನಮ್ಮನ್ನು ಸಿಂಹ ಸಾಕ್ಲಿಲ್ಲ ಶೆಟ್ರೆ. ನಿಮ್ಮ ಹೋಟೆಲನ್ನು ಸಾಕಿದ್ದು ಯಾವ ಸಿಂಹ? ಕಾವಲಿ ಬೇಡದಿದ್ರೆ ರಾಣಿಯೂ ಬರುದಿಲ್ಲ."

ಆಚೆ ಶೆಟ್ಟರು ಯಾರಿಗೋ ಎರಡು ಮಸಾಲೆ ದೋಸೆ ಎಂದು ಕೂಗಿದರು. ಆಮೇಲೆ, "ತನ್ನಿ, ನೋಡುವ."

ಚಿತ್ರ ಒಯ್ದೆ. ಚೌಕಟ್ಟು ಬಾಗಿಲಲ್ಲಿ ಸಲೀಸಾಗಿ ತೂರಿತು. ಮಳೆ ಬರಲಿಲ್ಲ. ಯಾರೂ ಕೂಗಲಿಲ್ಲ. ಶೆಟ್ಟರು ಬಂದವರನ್ನೆಲ್ಲ ಚಿತ್ರದ ಮುಂದೆ ನಿಲ್ಲಿಸಿ, "ಕಾವಲಿ ಇರ್ಲೇಬೇಕು ಅಂತ ನಾನೇ ಹೇಳಿದ್ದು," ಎನ್ನುತ್ತಿದ್ದರು.

ಮರುದಿನ ಗೆದ್ದು ಬಂದವನ ಗತ್ತಿನಲ್ಲಿ ತಿಂಡಿಗೆ ಕುಳಿತೆ. ಅಡುಗೆಮನೆಯಿಂದ ಕರಕರ ಕೆರೆಯುವ ಸದ್ದು. ಅಮ್ಮ ಕಾವಲಿಗೆ ವರ್ಷಗಟ್ಟಲೆ ಎಣ್ಣೆ ಕುಡಿಸಿ ಪಳಗಿಸಿದ್ದೆಲ್ಲ ನನ್ನ ಸೋಪಿನ ಜೊತೆ ಮೋರಿ ಸೇರಿತ್ತು.

"ಬನ್ನಿ ಇಲ್ಲಿ," ಸುಮತಿ ಸಟ್ಟುಗ ನನ್ನ ಕೈಗಿತ್ತಳು. "ಶೆಟ್ರನ್ನೇ ಬಗ್ಗಿಸಿದವರಲ್ವಾ? ಇದನ್ನೊಂದು ಎಬ್ಬಿಸಿ."

ದೋಸೆ ಏಳಲಿಲ್ಲ.